ಉಬ್ಬಿಗೊಂದು ರುಜು

— ಚಿಕ್ಕಪ್ಪ, ಒಂದು ರುಜು ಬೇಕಿತ್ತು. ಇದುವರೆಗೆ ಅರವತ್ತೆರಡಾಗಿದೆ. ನಿಮ್ಮದೂ ಸೇರಿದರೆ ನಾಳೆ ನಗರಸಭೆಗೆ ಕೊಟ್ಟು ಬರ್ತೀನಿ.

— ಕೂತ್ಕೊಳಮ್ಮ ಮೊದಲು. ಏನದು?

— ನಮ್ಮ ಶಾಲೆ ಗೇಟಿನ ಮುಂದೆ ಹಂಪ್ ಹಾಕಿಸಿಕೊಡಿ ಅಂತ ಅರ್ಜಿ. ನಿಮ್ಮನ್ನ ಕೇಳೋದಕ್ಕೆ ಕಷ್ಟ ಆಗ್ತಿದೆ. ಚಿಕ್ಕಮ್ಮ ಬಿದ್ದದ್ದು ಹಂಪ್ ಮೇಲೇ ಅಂತ ಗೊತ್ತಿದ್ದೂ ಬಂದಿದೀನಿ. ಆದರೆ ನೀವು ಮೂವತ್ತು ವರ್ಷ ರಸ್ತೆ ಕೆಲಸ ಮಾಡಿಸಿದವರು. ಇಂಜಿನಿಯರ್ ರುಜು ಇದ್ದರೆ ಅರ್ಜಿಗೊಂದು ತೂಕ.

— ಅವಳು ಬಿದ್ದು ಎರಡು ವರ್ಷ ಆಯ್ತು. ರೈಸ್‌ಮಿಲ್ ಹತ್ರದ ಹಂಪ್. ಸಂಜೆಗತ್ತಲು, ಬೀದಿದೀಪ ಇಲ್ಲ, ಹಂಪಿಗೆ ಬಣ್ಣ ಇಲ್ಲ. ಗಾಡಿ ಓಡಿಸ್ತಿದ್ದವನು ನಾನೇ. ಅವಳು ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ಲು, ಮಡಿಲಲ್ಲಿ ತರಕಾರಿ ಚೀಲ, ಹಿಡಿದುಕೊಳ್ಳೋಕೆ ಉಳಿದದ್ದು ಒಂದೇ ಕೈ. ಗಾಡಿ ಎದ್ದು ಇಳೀತು. ತಿರುಗಿ ನೋಡ್ತೀನಿ, ಸೀಟಿನ ಮೇಲೆ ಇಲ್ಲ. ಮಣಿಕಟ್ಟು ಮುರಿದಿತ್ತು, ಪ್ಲೇಟ್ ಹಾಕಿ ಕೂಡಿಸಿದ್ರು. ಈಗಲೂ ಮುದ್ದೆ ಕೋಲು ತಿರುವೋಕಾಗಲ್ಲ ಅವಳಿಗೆ. ದಿನಾ ನಾನೇ ತಿರುವೋದು. ಇರಲಿ. ಅರ್ಜಿ ಓದು.

— ‘ನಮ್ಮ ಶಾಲೆಯ ಮುಂಭಾಗದ ರಸ್ತೆಯಲ್ಲಿ ವಾಹನಗಳು ಅತಿವೇಗವಾಗಿ ಸಂಚರಿಸುತ್ತಿದ್ದು, ಮಕ್ಕಳ ಪ್ರಾಣಕ್ಕೆ ಅಪಾಯವಿರುವುದರಿಂದ ಕೂಡಲೇ ರಸ್ತೆ ಉಬ್ಬನ್ನು ನಿರ್ಮಿಸಿಕೊಡಬೇಕೆಂದು ಕೋರುತ್ತೇವೆ.’ ಇಷ್ಟೇ.

— ಇಷ್ಟೇ ಬರೆದರೆ ಎಂಥ ಹಂಪ್ ಬರುತ್ತೆ ಗೊತ್ತಾ ನಿನಗೆ?

— ಎಂಥದಾದ್ರೂ ಬರಲಿ ಚಿಕ್ಕಪ್ಪ! ಹೋದ ತಿಂಗಳು ಮೂರನೇ ಕ್ಲಾಸಿನ ಹುಡುಗಿಗೆ ಬೈಕ್ ಗುದ್ದಿತು. ಶಾಲೆ ಬಿಟ್ಟು ಎರಡು ನಿಮಿಷ ಆಗಿರಲಿಲ್ಲ. ತೊಡೆ ಮೂಳೆ ಮುರಿದಿದೆ. ಆ ಮಗೂನ ಎತ್ತಿಕೊಂಡು ಆಟೋ ಹತ್ತಿಸಿದವಳು ನಾನು. ಆಮೇಲೆ ಎಷ್ಟೋ ರಾತ್ರಿ ಬೈಕಿನ ಸದ್ದು ಕೇಳಿದರೆ ಎದ್ದು ಕೂತಿದೀನಿ. ಆ ರಸ್ತೆಯಲ್ಲಿ ಮೊದಲು ಮಾರಿಗೊಂದು ಗುಂಡಿ ಇತ್ತು, ಯಾರೂ ಜೋರಾಗಿ ಬರ್ತಿರಲಿಲ್ಲ. ಸಂಕ್ರಾಂತಿ ಆದ ಮೇಲೆ ಡಾಂಬರು ಹಾಕಿದ್ರು. ಎಲ್ಲರಿಗೂ ಖುಷಿ, ನಮಗೂ. ಅವತ್ತಿನಿಂದಲೇ ಈ ವೇಗ ಶುರುವಾದದ್ದು.

— ಆ ರಸ್ತೆಯ ಎಸ್ಟಿಮೇಟಿನಲ್ಲಿ ಫುಟ್‌ಪಾತ್ ಇತ್ತಾ?

— ಎಲ್ಲಿ ಬರಬೇಕು? ಚರಂಡಿ ಅಂಚಿನವರೆಗೂ ಡಾಂಬರು.

— ನೋಡು, ಅಲ್ಲೇ ತಪ್ಪಿದ್ದು. ಎಸ್ಟಿಮೇಟ್ ಬರೆಯೋವಾಗ ಜೆಲ್ಲಿ ಎಷ್ಟು ಲೋಡು, ಟಾರ್ ಎಷ್ಟು ಡ್ರಮ್ಮು ಅಂತ ಬರೀತೀವಿ. ಇದರ ಮೇಲೆ ನಡೆಯೋರು ಯಾರು, ಎಷ್ಟು ಹೊತ್ತಿಗೆ ನಡೀತಾರೆ ಅಂತ ಯಾವ ಕಾಲಮ್ಮಿನಲ್ಲೂ ಬರೆಯಲ್ಲ. ಅಗಲವಾಗಿ, ನೇರವಾಗಿ, ನುಣ್ಣಗೆ ಇರೋ ರಸ್ತೆ ಕಂಡರೆ ಕೈ ತಾನಾಗಿ ಆಕ್ಸಿಲರೇಟರ್ ತಿರುಗಿಸುತ್ತೆ. ಆ ರಸ್ತೆಗೆ ಅಡ್ಡಲಾಗಿ ಒಂದು ದಿಂಡು ಹಾಕಿ ಅಂತ ಆಮೇಲೆ ನೀವು ಅರ್ಜಿ ತರ್ತೀರಿ. ಮಕ್ಕಳನ್ನ ಮರೆತು ರಸ್ತೆ ಮಾಡಿದವರು ನಾವು. ಅದಕ್ಕೆ ದಂಡ ಕಟ್ಟೋರು ಸ್ಕೂಟರಿನ ಹಿಂದೆ ಕೂತ ಹೆಂಗಸರು, ಬಸುರಿಯರು, 108ರಲ್ಲಿ ಮಲಗಿರೋ ರೋಗಿಗಳು.

— ಹಾಗಾದ್ರೆ ಹಂಪ್ ಬೇಡವೇ ಬೇಡ ಅಂತೀರಾ?

— ಹಾಗನ್ನಲ್ಲ. ವೇಗ ತಗ್ಗಲೇಬೇಕು. ಗಂಟೆಗೆ 50 ಕಿಲೋಮೀಟರಿನಲ್ಲಿ ಬರೋ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 14 ಮೀಟರ್ ಹೋಗುತ್ತೆ. ಮಗು ಗೇಟಿನಿಂದ ಹಾರಿದ್ದನ್ನ ಕಂಡು ಬ್ರೇಕ್ ಮೇಲೆ ಕಾಲಿಡೋಷ್ಟರಲ್ಲೇ ಆ ದೂರ ಮುಗಿದು ಹೋಗಿರುತ್ತೆ. 25ರಲ್ಲಿ ಬಂದರೆ 7 ಮೀಟರ್. ವೇಗ ಅರ್ಧ ಆದರೆ ಗುದ್ದೋ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತೆ. ಆದ್ದರಿಂದ ನಿನ್ನ ಭಯ ನ್ಯಾಯವಾದದ್ದು ಕಣಮ್ಮ. ನಾನು ಕೇಳ್ತಿರೋದು, ನೀನು ಬೇಡ್ತಿರೋ ವಸ್ತು ಆ ವೇಗ ತಗ್ಗಿಸುತ್ತಾ ಅಂತ.

— ತಗ್ಗಿಸದೆ ಇನ್ನೇನು? ಹಂಪ್ ಕಂಡ್ರೆ ಎಲ್ಲರೂ ಬ್ರೇಕ್ ಹಾಕ್ತಾರೆ.

— ಕಂಡರೆ ತಾನೆ? ಕಂಡವರ ವಿಷಯವನ್ನೇ ಹೇಳ್ತೀನಿ ಕೇಳು. ನಮ್ಮೂರಲ್ಲಿ ಹಾಕಿರೋದೆಲ್ಲ ಗೇಣುದ್ದ, ಮೊಳದುದ್ದದ ಗಿಡ್ಡ ದಿಂಡುಗಳು. ಅಂಥದರ ಮೇಲೆ ನಿಧಾನವಾಗಿ ಹೋಗಿ ನೋಡು. ಮುಂದಿನ ಚಕ್ರ ಹತ್ತಿ ಧಡ್ ಅಂತ ಬೀಳುತ್ತೆ, ಹಿಂದಿನದೂ ಹಾಗೇ. ಮೈಯೆಲ್ಲ ಅಲುಗಾಡುತ್ತೆ. ಅದೇ ಕಾರನ್ನ ಜೋರಾಗಿ ಓಡಿಸಿದರೆ ಟೈರು, ಸ್ಪ್ರಿಂಗು ಆ ಏಟನ್ನ ನುಂಗಿಬಿಡುತ್ತವೆ. ಒಳಗೆ ಕೂತವನಿಗೆ ಅಷ್ಟಾಗಿ ಗೊತ್ತಾಗಲ್ಲ. ಅಂದರೆ ಗಿಡ್ಡ ಹಂಪ್ ಶಿಕ್ಷೆ ಕೊಡೋದು ನಿಧಾನವಾಗಿ ಹೋಗೋನಿಗೆ. ನೀನು ಯಾರನ್ನ ತಡೀಬೇಕು ಅಂತಿದೀಯೋ ಅವನಿಗೆ ಮಾಫಿ.

— ಇದು ನನಗೆ ಗೊತ್ತಿರಲಿಲ್ಲ.

— ಕೆಲಸಕ್ಕೆ ಸೇರಿದಾಗ ನನಗೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ರಸ್ತೆ ಸಂಶೋಧನಾ ಪ್ರಯೋಗಾಲಯದವರು ಬೇರೆ ಬೇರೆ ಅಳತೆಯ ಉಬ್ಬುಗಳ ಮೇಲೆ ಗಾಡಿ ಓಡಿಸಿ ನೋಡಿದ್ರು. ಅವರಿಗೆ ಒಗ್ಗಿದ್ದು ಉದ್ದವಾದ, ದುಂಡಗಿನ, ತಗ್ಗು ಉಬ್ಬು. ಗಾಡಿ ಸಾಗೋ ದಿಕ್ಕಿನಲ್ಲಿ 3.7 ಮೀಟರ್, ನಡುಮಧ್ಯೆ ಎತ್ತರ 10 ಸೆಂಟಿಮೀಟರ್. ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಂತರ. ಉಬ್ಬು ಅದಕ್ಕಿಂತ ಉದ್ದ ಇದ್ದಾಗ ಇಡೀ ಕಾರು ಅದರ ಮೇಲೇರಿ ಇಳೀಬೇಕು. ನಿಧಾನವಾಗಿ ಹೋದರೆ ದೋಣಿ ಅಲೆ ಮೇಲೆ ಹೋದ ಹಾಗೆ ಸಲೀಸು. ವೇಗ ಏರಿದಷ್ಟೂ ಎತ್ತಿ ಹಾಕುತ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ನಮಗೆ ಕೊಟ್ಟ ಐಆರ್‌ಸಿ 99ರಲ್ಲೂ ಇದೇ ಅಳತೆ: 17 ಮೀಟರ್ ತ್ರಿಜ್ಯದ ಕಮಾನು, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ದಾಟೋ ವೇಗ ಗಂಟೆಗೆ 25 ಕಿಲೋಮೀಟರ್. ಆ ಪೆನ್ನು ಕೊಡಿಲ್ಲಿ. 3.7ನ್ನ 3.7ರಿಂದ ಗುಣಿಸು, 13.69. ತ್ರಿಜ್ಯದ ಎಂಟರಷ್ಟು, 136. ಅದರಿಂದ ಇದನ್ನ ಭಾಗಿಸು. 0.10. ಮೂರು ಅಂಕಿ ಒಂದಕ್ಕೊಂದು ಹೇಗೆ ಕೂತಿವೆ ನೋಡು. ಒಂದನ್ನ ತಪ್ಪಿಸಿದರೆ ಉಳಿದೆರಡೂ ಸುಳ್ಳಾಗ್ತವೆ.

— ಬಸ್ಸಿಗೂ ಇದೇ ಸರಿಹೋಗುತ್ತಾ?

— ಬಸ್ಸು, ಲಾರಿ ಹೆಚ್ಚಾಗಿ ಓಡಾಡೋ ಕಡೆ ಎರಡೂ ಬದಿಗೆ ಒಂದೂವರೆ ಮೀಟರಿನ ಇಳಿಜಾರು ಸೇರಿಸಿ, ಇಪ್ಪತ್ತಕ್ಕೆ ಒಂದರಂತೆ, ಅಂತ ಅದರಲ್ಲೇ ಬರೆದಿದೆ. ಬಸ್ಸಿನ ಕೊನೆ ಸೀಟಿನಲ್ಲಿ ಕೂತಿದೀಯಾ?

— ಟ್ರೈನಿಂಗಿಗೆ ದಿನಾ ಹೋಗಿಬರ್ತಿದ್ದಾಗ ಅದೇ ಸಿಗ್ತಿದ್ದದ್ದು. ಒಮ್ಮೆ ತಲೆ ಹೋಗಿ ಮೇಲಿನ ಲಗೇಜ್ ಕಂಬಿಗೆ ತಗುಲಿತ್ತು.

— ಕೊನೆ ಸೀಟು ಹಿಂದಿನ ಚಕ್ರಕ್ಕಿಂತ ಹಿಂದೆ ಇರುತ್ತೆ. ಏತದ ತುದಿ ಇದ್ದ ಹಾಗೆ. ಬುಡದಲ್ಲಿ ಗೇಣು ಎತ್ತಿದರೆ ತುದಿಯಲ್ಲಿ ಮೊಳ. ಬೆನ್ನುಮೂಳೆ ಸವೆದ ಮುದುಕರಿಗೆ ಆ ಒಂದು ಎತ್ತು ಸಾಕು, ಒಂದು ಮಣಿ ಕುಸಿದು ಹೋಗುತ್ತೆ.

— ಪೇಪರಿನಲ್ಲಿ ‘ಅವೈಜ್ಞಾನಿಕ ರಸ್ತೆ ಉಬ್ಬು’ ಅಂತ ಬರೀತಾರಲ್ಲ, ಸುಮ್ಮನೆ ಬಳಸೋ ಮಾತು ಅಂದುಕೊಂಡಿದ್ದೆ.

— ಅಕ್ಷರಶಃ ನಿಜವಾದ ಮಾತದು. ಅಮೆರಿಕದಲ್ಲಿ ಆರ್ಥರ್ ಕಾಂಪ್ಟನ್ ಅಂತ ಭೌತವಿಜ್ಞಾನಿ ಇದ್ದರು, 1927ರಲ್ಲಿ ನೊಬೆಲ್ ಬಂದವರು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ ಆವರಣದೊಳಗೆ ಕಾರುಗಳು ಜೋರಾಗಿ ಹೋಗೋದನ್ನ ನೋಡಲಾಗದೆ 1953ರಲ್ಲಿ ತಾವೇ ಲೆಕ್ಕ ಹಾಕಿ ರಸ್ತೆಗೆ ಉಬ್ಬು ವಿನ್ಯಾಸ ಮಾಡಿದ್ರು. ಅಂಥ ತಲೆ ಕೆಲಸ ಮಾಡಿದ ವಸ್ತು ಇದು. ನಮ್ಮಲ್ಲಿ ಅದು ಹೇಗೆ ಹುಟ್ಟುತ್ತೆ ಅಂತ ಹೇಳಲಾ? ನಾನು ಮಾಡಿಸಿದ್ದನ್ನೇ ಹೇಳ್ತೀನಿ. ಸಾಯಂಕಾಲ ಐದೂವರೆ. ಡಾಂಬರು ಕೆಲಸ ಮುಗಿದಿದೆ, ಟಿಪ್ಪರಿನಲ್ಲಿ ಸ್ವಲ್ಪ ಬಿಸಿ ಮಾಲು ಉಳಿದಿದೆ. ಊರಿನವರು ನಾಲ್ಕು ಜನ ಬಂದು ‘ಸಾರ್, ನಮ್ಮ ಮನೆ ಹತ್ರ ಒಂದು ಹಂಪ್’ ಅಂತಾರೆ. ಸದಸ್ಯರಿಂದ ಫೋನ್ ಬರುತ್ತೆ. ಮೇಸ್ತ್ರಿ ಹತ್ತು ಬಾಂಡ್ಲಿ ಮಾಲು ಸಾಲಾಗಿ ಸುರಿಸಿ, ಸಲಿಕೆಯಲ್ಲಿ ತಟ್ಟಿ, ರೋಲರ್ ಒಂದು ಸಲ ಹತ್ತಿಸಿ ಇಳಿಸ್ತಾನೆ. ನಕ್ಷೆ ಇಲ್ಲ, ಅಚ್ಚು ಇಲ್ಲ, ಟೇಪು ಹಿಡಿಯಲ್ಲ. ಬೋರ್ಡು, ಬಣ್ಣ ನಾಳೆ ಅಂತ ಹೇಳಿ ಹೊರಟುಬಿಡ್ತೀವಿ. ಆ ನಾಳೆ ಬರಲಿಲ್ಲ. ಹೀಗೆ ನನ್ನ ಕೈಯಿಂದ ಆದವು ಹತ್ತಕ್ಕೆ ಕಡಿಮೆ ಇಲ್ಲ. ಅವುಗಳ ಮೇಲೆ ಯಾರು ಯಾರು ಬಿದ್ದಿದ್ದಾರೋ. ನಿನ್ನ ಚಿಕ್ಕಮ್ಮನ ಕೈಗೆ ಬ್ಯಾಂಡೇಜ್ ಸುತ್ತುವಾಗ ನನಗೆ ಅದೊಂದೇ ಯೋಚನೆ.

— ರೈಸ್‌ಮಿಲ್ ಹತ್ರದ್ದನ್ನ ಹಾಕಿದ್ದು ಯಾರು?

— ಆಫೀಸಿಗೆ ಹೋಗಿ ಹುಡುಕಿದೆ. ಕಡತದಲ್ಲಿ ಆ ಹಂಪ್ ಇಲ್ಲವೇ ಇಲ್ಲ. ಕೆಲವರು ಅಲ್ಲಿಯವರೇ ರಾತ್ರೋರಾತ್ರಿ ಸಿಮೆಂಟು ಕಲಸಿ ಹಾಕಿದ್ದು ಅಂತಾರೆ, ಕೆಲವರು ಇಲಾಖೆಯದು ಅಂತಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಕಲಮು ಸೇರಿಸಿದ್ರು: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಟ್ಟ ಪಾಲಿಸದೆ ಸಾವು, ಅಂಗವೈಕಲ್ಯ ಆದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೆ ಹಾಕಿದವನ ಹೆಸರೇ ಇಲ್ಲದ ಹಂಪಿಗೆ ಯಾರನ್ನ ಹಿಡೀತೀಯ?

— ಚಿಕ್ಕಪ್ಪ, ಆ ಸಿಮೆಂಟು ಕಲಸಿದವರ ಮೇಲೆ ನನಗೆ ಸಿಟ್ಟು ಬರಲ್ಲ. ಅಲ್ಲೂ ಯಾವುದೋ ಮಗು ಬಿದ್ದಿರುತ್ತೆ. ಅವರೂ ಮೊದಲು ಅರ್ಜಿ ಕೊಟ್ಟಿರ್ತಾರೆ. ‘ನೋಡೋಣ’ ಅಂದಿರ್ತಾರೆ. ಮೂರು ತಿಂಗಳು ಕಾದು ಆಮೇಲೆ ತಾವೇ ಕಲಸಿದ್ದಾರೆ. ನಮ್ಮ ಶಾಲೆ ಮಕ್ಕಳ ತಂದೆಯರೂ ಹಾಗೇ ಅಂದ್ರು: ‘ಮಿಸ್, ನೀವು ಪೇಪರ್ ಕೊಡ್ತಾ ಇರಿ, ನಾವು ಭಾನುವಾರ ನಾಲ್ಕು ಮೂಟೆ ಸಿಮೆಂಟ್ ತರ್ತೀವಿ.’ ನಾನೇ ತಡೆದು ನಿಲ್ಲಿಸಿದೀನಿ.

— ತಡೆದದ್ದು ಒಳ್ಳೇದಾಯ್ತು. ಒಂದು ಲೆಕ್ಕ ಹೇಳ್ತೀನಿ, ಅವರಿಗೂ ಹೇಳು. 2015ರಲ್ಲಿ ದೇಶದಲ್ಲಿ ರಸ್ತೆ ಗುಂಡಿಗಳಿಂದ ಸತ್ತವರು 3,416 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅದೇ ವರ್ಷ ಹಂಪ್‌ಗಳಿಂದ ಸತ್ತವರು 3,409. ಜೀವ ಉಳಿಸಲಿ ಅಂತ ಎತ್ತಿ ಕಟ್ಟಿದ್ದೂ ಅಷ್ಟೇ ಜನರನ್ನ ಕೊಂದಿದೆ, ಯಾರೂ ನೋಡದೆ ಬಿಟ್ಟ ಗುಂಡಿಯೂ ಅಷ್ಟೇ. ಮರುವರ್ಷ ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಹಂಪ್ ತೆಗೆಸಿ ಅಂತ ಸಚಿವಾಲಯವೇ ಸುತ್ತೋಲೆ ಕಳಿಸಿತು. ಬಡಾವಣೆಯ ಬೀದಿಗಳನ್ನ ಕೇಳೋರಿಲ್ಲ.

— ಗುಂಡಿಯೂ ಹಂಪೂ ಅಕ್ಕಪಕ್ಕವೇ ಇರ್ತವೆ ಅಲ್ವಾ? ಕಲ್ಯಾಣ ಮಂಟಪದ ಮುಂದೆ ನೋಡಿದೀನಿ, ಹಂಪ್ ಇಳಿದ ತಕ್ಷಣ ಗುಂಡಿ.

— ನೀರು ಕಣಮ್ಮ. ಹಂಪ್ ಅಂದರೆ ರಸ್ತೆಗೆ ಅಡ್ಡ ಹಾಕಿದ ಬದು. ಮಳೆ ನೀರು ಅದರ ಬುಡದಲ್ಲಿ ನಿಲ್ಲುತ್ತೆ, ಡಾಂಬರಿನೊಳಕ್ಕೆ ಇಳಿದು ಜೆಲ್ಲಿ ಸಡಿಲ ಮಾಡುತ್ತೆ. ಮೇಲಿಂದ ಗಾಡಿಗಳು ಅದೇ ಜಾಗದಲ್ಲಿ ಧಡ್ ಅಂತ ಬೀಳ್ತವೆ. ಒಂದು ಮಳೆಗಾಲ ಸಾಕು. ಅದಕ್ಕೇ ಎರಡೂ ಅಂಚಿನಲ್ಲಿ ನೀರು ಹೋಗೋಕೆ ಜಾಗ ಬಿಡ್ತಾರೆ.

— ಆ ಜಾಗದಲ್ಲೇ ಬೈಕಿನವರು ನುಗ್ಗೋದು! ಇಡೀ ರಸ್ತೆ ಬಿಟ್ಟು ಚರಂಡಿ ಅಂಚಿಗೆ ಬರ್ತಾರೆ. ಮಕ್ಕಳು ನಡೆಯೋದೂ ಅಲ್ಲೇ. ನಮ್ಮ ಗೇಟಿನ ಮುಂದೆ ಹಾಗೆ ಬಿಟ್ಟರೆ ಬೈಕುಗಳನ್ನ ನಾವೇ ಮಕ್ಕಳ ಕಾಲಬುಡಕ್ಕೆ ಕರೆದಂತಾಗುತ್ತಲ್ಲ ಚಿಕ್ಕಪ್ಪ!

— ಈಗ ನೀನು ಜಾಗ ನೋಡಿ ಮಾತಾಡ್ತಿದೀಯ. ನಿಮ್ಮ ರಸ್ತೆಯಲ್ಲಿ ಇನ್ನೇನು ಓಡಾಡುತ್ತೆ, ಹೇಳು.

— ಆಲೆಮನೆಗೆ, ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೋಗ್ತವೆ. ಖಾಲಿ ಟ್ರೈಲರ್ ವಾಪಸ್ ಬರೋವಾಗ ಕಲ್ಯಾಣ ಮಂಟಪದ ಹಂಪ್ ಮೇಲೆ ಸಿಡಿಲು ಹೊಡೆದ ಹಾಗೆ ಸದ್ದು. ಅಲ್ಲಿನ ಮನೆಯವರು ಕಟಾವಿನ ಕಾಲ ಮುಗಿಯೋವರೆಗೂ ನಿದ್ದೆ ಇಲ್ಲ ಅಂತಾರೆ. ಅಯ್ಯೋ ಚಿಕ್ಕಪ್ಪ… ಕಬ್ಬು!

— ಏನು?

— ಟ್ರ್ಯಾಕ್ಟರ್ ಹಂಪ್ ಹತ್ರ ನಿಧಾನ ಆಗುತ್ತೆ ಅಲ್ವಾ? ಕಲ್ಯಾಣ ಮಂಟಪದ ಹತ್ರ ಹುಡುಗರು ಅದಕ್ಕೇ ಕಾದು ನಿಂತಿರ್ತಾರೆ. ಹಿಂದಿನಿಂದ ಓಡಿ ಹೋಗಿ ಜಲ್ಲೆ ಎಳೀತಾರೆ. ಒಬ್ಬನಿಗೆ ಸಿಕ್ಕಿದರೆ ಐದು ಜನ ಓಡ್ತಾರೆ. ಎರಡು ಟ್ರೈಲರ್ ಕಟ್ಟಿರ್ತಾರೆ, ಡ್ರೈವರಿಗೆ ಹಿಂದಿನದು ಕಾಣಲ್ಲ. ಅದೇ ಹಂಪ್ ನಮ್ಮ ಗೇಟಿಗೆ ನೇರವಾಗಿ ಬಂದರೆ, ನಾಲ್ಕೂವರೆಗೆ ಇನ್ನೂರು ಮಕ್ಕಳು ಹೊರಗೆ ಬರೋ ಹೊತ್ತಿಗೆ… ನಾನಿದನ್ನ ಯೋಚನೆಯೇ ಮಾಡಿರಲಿಲ್ಲ.

— ನಾನೂ ಮಾಡಿರಲಿಲ್ಲ. ಯಾವ ಕೈಪಿಡಿಯಲ್ಲೂ ಇದು ಇರಲ್ಲ. ದಿನಾ ಆ ಗೇಟಿನಲ್ಲಿ ನಿಲ್ಲೋ ನಿನಗೆ ಮಾತ್ರ ಹೊಳೆಯೋದು. ಹಾಗಾಗಿ ಹಂಪ್ ಗೇಟಿಗೆ ನೇರ ಬೇಡ. ಗಾಡಿ ಗೇಟಿಗೆ ಬರೋ ಮುಂಚೆಯೇ ವೇಗ ಇಳಿಸಿರಬೇಕು. ಎರಡೂ ಕಡೆ, ಗೇಟಿನಿಂದ ದೂರದಲ್ಲಿ ಒಂದೊಂದು, ಅಳತೆಯದು. ಗೇಟಿನ ಎದುರಿಗೆ ಮಕ್ಕಳು ದಾಟೋ ಜಾಗವನ್ನ ಫುಟ್‌ಪಾತಿನ ಎತ್ತರಕ್ಕೆ ಎಬ್ಬಿಸಿ, ಮೇಲ್ಭಾಗ ಚಪ್ಪಟೆ ಮಾಡಿ, ಎರಡೂ ಬದಿ ಇಳಿಜಾರು ಕೊಡಬಹುದು. ಮಗು ರಸ್ತೆಗೆ ಇಳಿಯೋ ಬದಲು ಗಾಡಿಯೇ ಮಗುವಿನ ಮಟ್ಟಕ್ಕೆ ಹತ್ತಿ ಬರಬೇಕು.

— ಫುಟ್‌ಪಾತೇ ಇಲ್ಲವಲ್ಲ.

— ಅದನ್ನೇ ಮೊದಲು ಕೇಳು. ಕಾಂಪೌಂಡಿನ ಉದ್ದಕ್ಕೂ ಎರಡೂ ಬದಿ ಫುಟ್‌ಪಾತ್, ಅಂಚಿಗೆ ಸಾಲಾಗಿ ಕಂಬ. ಹಂಪಿನ ತುದಿಯ ಸಂದಿನಲ್ಲಿ ಬೈಕ್ ನುಗ್ಗೋದು ಅಲ್ಲಿಗೆ ನಿಲ್ಲುತ್ತೆ. ನೀರು ಕಂಬಗಳ ನಡುವೆ ಹರಿದುಹೋಗುತ್ತೆ. ಫುಟ್‌ಪಾತ್ ಬಂದರೆ ಡಾಂಬರಿನ ಅಗಲವೂ ಕಿರಿದಾಗುತ್ತೆ. ಕಿರಿದಾದ ರಸ್ತೆಯಲ್ಲಿ ಯಾರೂ ಹೇಳದೆಯೇ ಗಾಡಿ ನಿಧಾನ ಆಗುತ್ತೆ.

— ಇಷ್ಟೆಲ್ಲ ಕೇಳಿದರೆ ಅನುದಾನ ಇಲ್ಲ ಅಂತಾರೆ. ಮುಂದಿನ ವರ್ಷ ಅಂತಾರೆ. ಅಲ್ಲಿವರೆಗೆ? ಆ ಹುಡುಗಿ ಮುಂದಿನ ತಿಂಗಳು ಊರುಗೋಲು ಹಿಡಿದು ಶಾಲೆಗೆ ಬರ್ತಾಳೆ ಚಿಕ್ಕಪ್ಪ. ಅದೇ ರಸ್ತೆ ದಾಟಬೇಕು. ಸರಿಯಾದದ್ದು ಬರೋವರೆಗೆ ಏನೂ ಬೇಡ ಅಂತ ಅವಳಮ್ಮನಿಗೆ ಹೇಳೋ ಧೈರ್ಯ ನನಗಿಲ್ಲ.

— ನಿನ್ನ ಮಾತು ಸರಿ. ಇದಕ್ಕೆ ನನ್ನ ಹತ್ರ ಚೊಕ್ಕ ಉತ್ತರ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಅಳತೆಯ ಹಂಪಿಗೂ ಅಳತೆಯಿಲ್ಲದ ಹಂಪಿಗೂ ಖರ್ಚಿನಲ್ಲಿ ಬಹಳ ವ್ಯತ್ಯಾಸ ಇಲ್ಲ. ಒಂದಿಷ್ಟು ಹೆಚ್ಚು ಮಾಲು, ಕಮಾನಿನ ಆಕಾರಕ್ಕೆ ಕೊಯ್ದ ಒಂದು ಮರದ ಅಚ್ಚು, ಅರ್ಧ ದಿನ ಜಾಸ್ತಿ. ಹಾಗಾಗಿ ‘ಹಂಪ್ ಕೊಡಿ’ ಅಂತ ಬರೆಯಬೇಡ, ಅಳತೆ ಬರಿ. 3.7 ಮೀಟರ್, 10 ಸೆಂಟಿಮೀಟರ್. ನಲವತ್ತು ಮೀಟರ್ ಮುಂಚೆ ಎಚ್ಚರಿಕೆ ಫಲಕ. ಕಪ್ಪು ಬಿಳಿ ಪಟ್ಟೆ, ಮಾಮೂಲಿ ಪೇಂಟ್ ಅಲ್ಲ, ಬಿಸಿ ಮಾಡಿ ಹಾಕೋ ಥರ್ಮೋಪ್ಲಾಸ್ಟಿಕ್, ರಾತ್ರಿ ಲೈಟಿಗೆ ಹೊಳೆಯುವಂಥದ್ದು. ಮೇಲೊಂದು ಬೀದಿದೀಪ. ನಟ್ಟು ಬೋಲ್ಟು ಹೊಡೆದು ಕೂರಿಸೋ ರಬ್ಬರ್ ಪಟ್ಟಿ ಬೇಡ ಅಂತ ಬೇರೆಯಾಗಿ ಬರಿ. ಆರು ತಿಂಗಳಿಗೆ ಪಟ್ಟಿ ಕಿತ್ತು ಹೋಗುತ್ತೆ, ಬೋಲ್ಟು ಮೊಳೆ ಥರ ನಿಂತಿರುತ್ತೆ.

— ತಡೀರಿ, ಬರ್ಕೋತೀನಿ. ನಲವತ್ತು ಮೀಟರ್… ಬೀದಿದೀಪ… ಸಂಚಾರ ಪೊಲೀಸರಿಗೂ ಒಂದು ಪ್ರತಿ ಕೊಡಲಾ?

— ಕೊಡಲೇಬೇಕು. ಸ್ವೀಕೃತಿ ಮುದ್ರೆ ಹಾಕಿಸ್ಕೊ. ಕೆಲಸ ಆದ ದಿನ ಮಾಡಿದವರ ಹೆಸರು, ತಾರೀಖು ಕಡತದಲ್ಲಿ ಇರಬೇಕು ಅಂತಲೂ ಬರಿ. ಆ ಒಂದು ಸಾಲಿಗೆ ಹೆದರಿಯಾದರೂ ಟೇಪು ಹಿಡೀತಾರೆ.

— ಅದು ಬರೋವರೆಗೆ ಬಿಡೋ ಹೊತ್ತಿಗೆ ಇಬ್ಬರು ಪೋಷಕರು ಕೆಂಪು ಬಾವುಟ ಹಿಡಿದು ನಿಲ್ಲಲಿ. ಸರದಿ ಮಾಡ್ತೀನಿ. ಕೆಳಗಿನ ತರಗತಿಯವರನ್ನ ಹತ್ತು ನಿಮಿಷ ಮುಂಚೆ ಬಿಡಿ ಅಂತ ಹೆಡ್ಮಾಸ್ಟರನ್ನ ಕೇಳ್ತೀನಿ. ಇನ್ನೂರು ಮಕ್ಕಳು ಒಟ್ಟಿಗೆ ನುಗ್ಗೋದಾದರೂ ತಪ್ಪುತ್ತೆ.

— ಸಂಜೆ ಸರದಿಗೆ ನನ್ನ ಹೆಸರೂ ಹಾಕು. ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡಲಿ.

— ನೀವಾ? ಅರವತ್ತೇಳು ವರ್ಷ ನಿಮಗೆ.

— ಬಾವುಟ ಹಿಡಿಯೋಕೆ ಎಷ್ಟು ವರ್ಷ ಆಗಿದ್ದರೇನು? ಕೊಡು ರುಜು ಮಾಡ್ತೀನಿ. ಬೇಡ ತಡಿ, ಹೊಸದಾಗಿ ಬರೆದ ಮೇಲೆ ಮಾಡ್ತೀನಿ. ಆ ಅರವತ್ತೆರಡು ಜನರ ಹತ್ರಾನೂ ಮತ್ತೆ ಹೋಗಬೇಕು ನೀನು.

— ಹೋಗ್ತೀನಿ. ಭಾನುವಾರ ಸಿಮೆಂಟ್ ತರ್ತೀವಿ ಅಂದವರ ಮನೆಗೇ ಮೊದಲು.

— ಅವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಅಂಕಿ ತೋರಿಸಬೇಕು. ಒಳಗೆ ಅಟ್ಟದ ಮೇಲೆ ನನ್ನ ಟೇಪೂ ರಸಮಟ್ಟವೂ ಇವೆ. ಒಂದು ನೇರವಾದ ಮರದ ಪಟ್ಟಿ ತಗೋ. ರೈಸ್‌ಮಿಲ್‌ವರೆಗೆ ನಡೆದೇ ಹೋಗೋಣ, ಇನ್ನೂ ಬೆಳಕಿದೆ.

— ಚಿಕ್ಕಮ್ಮ ಬೇಜಾರು ಮಾಡಿಕೊಳ್ಳಲ್ವಾ, ಆ ಜಾಗಕ್ಕೆ ಅಂದರೆ?

— ಅವಳೇ ಎಷ್ಟೋ ಸಲ ಹೇಳಿದಾಳೆ, ಅದನ್ನ ಒಮ್ಮೆ ಅಳೆದು ಬನ್ನಿ ಅಂತ. ನನಗೇ ಕಾಲು ಬಂದಿರಲಿಲ್ಲ.

— …ಇಲ್ಲೇನಾ?

— ಇದೇ. ಪಟ್ಟಿಯ ಒಂದು ತುದಿ ನೆತ್ತಿ ಮೇಲೆ ಇಡು. ರಸಮಟ್ಟದ ಗುಳ್ಳೆ ನಡುವಿಗೆ ಬರಲಿ. ಇನ್ನೂ ಸ್ವಲ್ಪ ಎತ್ತು. ಸಾಕು. ನಾನು ಈ ತುದಿಯಿಂದ ನೆಲಕ್ಕೆ ಟೇಪು ಬಿಡ್ತೀನಿ.

— ಚಿಕ್ಕಪ್ಪ, ಆ ಕಡೆಯಿಂದ ಸ್ಕೂಟರ್ ಬರ್ತಿದೆ. ಹಿಂದೆ ಹೆಂಗಸು ಕೂತಿದಾರೆ, ಕೈಯಲ್ಲಿ ಮಗು.

— ಕೈ ಅಡ್ಡ ಹಿಡಿ, ನಿಧಾನ ಅನ್ನು. ಇನ್ನೂ ನಿಧಾನ… ಹಾಂ, ದಾಟಿತು. ಈಗ ಹಿಡಿ ಪಟ್ಟಿ. ಹದಿನೇಳು ಸೆಂಟಿಮೀಟರ್. ಅಗಲ ತೊಂಬತ್ತು. ಬರ್ಕೊಂಡ್ಯಾ?

— ಬರ್ಕೊಂಡೆ.